ಬಾನಿ ಬಂತು, ಎಮ್ಮೆ ಯಾವಾಗ?

ನಮ್ಮ ಮನೆಯಲ್ಲೊಂದು ಬಾತ್‌ಟಬ್ ಇದೆ. ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ. ಶಿವಮೊಗ್ಗದ ಹೊರವಲಯದ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ನಾನು ಅದರೊಳಗೆ ಮಿಂದದ್ದು ನಾಲ್ಕೇ ಸಲ. ಹೆಂಡತಿ ಒಮ್ಮೆಯೂ ಇಲ್ಲ. ಹಾಗೆಂದು ಅದು ಸುಮ್ಮನೆ ಬಿದ್ದಿದೆ ಎನ್ನುವಂತಿಲ್ಲ. ನಲ್ಲಿ ಬಾರದ ದಿನಗಳಿಗೆ ನೀರಿನ ತೊಟ್ಟಿಯಾಗಿದೆ, ಮಳೆಗಾಲ ಮುಗಿದು ಬಿಸಿಲು ಬಿದ್ದಾಗ ಕಂಬಳಿ-ರಗ್ಗುಗಳನ್ನು ನೆನೆಹಾಕುವ ಜಾಗವಾಗಿದೆ, ಒಂದು ವರ್ಷ ಊರಿನಿಂದ ಬಂದ ಸಾವಿರ ಅಪ್ಪೆಮಿಡಿಯನ್ನು ತೊಳೆಯುವುದಕ್ಕೂ ಒದಗಿದೆ. ಮೊಮ್ಮಗಳು ಬಂದಾಗ ಅವಳ ಕಾಗದದ ದೋಣಿಗಳಿಗೆ ಅದೇ ಶರಾವತಿ. ಯಾವುದಕ್ಕೆ ತಂದೆವೋ ಅದೊಂದಕ್ಕೆ ಬಿಟ್ಟು ಉಳಿದೆಲ್ಲಕ್ಕೂ ಆಗಿಬಂದ ವಸ್ತು.

ಯಾಕೆ ತಂದೆ ಎಂದರೆ ಸರಿಯಾದ ಉತ್ತರವಿಲ್ಲ. ಎಂಜಿನಿಯರ್ ಹಾಕಿದ ನಕ್ಷೆಯಲ್ಲಿ ಬಚ್ಚಲಿನ ಒಂದು ಬದಿ ಐದೂವರೆ ಅಡಿ ಖಾಲಿ ಉಳಿದಿತ್ತು. ಟೈಲ್ಸ್ ಆರಿಸಲು ಹೋದ ಅಂಗಡಿಯಲ್ಲಿ ಟಬ್ಬೊಂದು ಬೆಳ್ಳಗೆ ಹೊಳೆಯುತ್ತಾ ಕೂತಿತ್ತು. ಜೀವಮಾನವಿಡೀ ಚೊಂಬು ಎತ್ತಿದ ಕೈಗೆ ಇನ್ನಾದರೂ ವಿಶ್ರಾಂತಿ ಕೊಡಬಹುದಲ್ಲ ಎಂದು ನಿವೃತ್ತಿಯ ಹೊಸ್ತಿಲಲ್ಲಿದ್ದ ನನಗೆ ಅನಿಸಿತು, ಅಷ್ಟೇ. ಟಬ್ಬನ್ನು ಲಗೇಜ್ ಆಟೋದಿಂದ ಇಳಿಸುವಾಗ ಊರಿನಿಂದ ಬಂದಿದ್ದ ಅಪ್ಪಯ್ಯ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಕವಳ ತುಂಬಿದ ಬಾಯಿಯನ್ನು ಒಂದು ಬದಿಗೆ ಸರಿಸಿಕೊಂಡು, "ಬಾನಿ ಬಂತು. ಎಮ್ಮೆ ಯಾವಾಗ?" ಎಂದರು. ದನಗಳು ನೀರು ಕುಡಿಯುವ ತೊಟ್ಟಿಗೆ ನಮ್ಮಲ್ಲಿ ಬಾನಿ ಎನ್ನುತ್ತಾರೆ. ಇಳಿಸುತ್ತಿದ್ದ ಹುಡುಗರಿಗೆ ನಗು ತಡೆಯಲಾಗದೆ ಟಬ್ಬಿನ ಒಂದು ತುದಿ ನೆಲಕ್ಕೆ ತಾಗಿತು. ಆ ಗೀರು ಇನ್ನೂ ಇದೆ.

ಮೊದಲ ಸಲ ಮಿಂದದ್ದು ಗೃಹಪ್ರವೇಶದ ನಂತರದ ಭಾನುವಾರ. ಟಬ್ಬಿನಲ್ಲಿ ಮೈ ಮುಳುಗಬೇಕಾದರೆ ನೂರೈವತ್ತು ಲೀಟರ್ ನೀರಾದರೂ ಬೇಕು. ನಮ್ಮ ಗೀಸರ್ 25 ಲೀಟರಿನದು. ಅದನ್ನು 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ, ಮೈಗೆ ಹಿತವಾಗುವ 40 ಡಿಗ್ರಿಗೆ ತಂದರೆ ಸಿಗುವುದು ಹೆಚ್ಚೆಂದರೆ 55 ಲೀಟರ್. ಅಂದರೆ ಗೀಸರ್ ಮೂರು ಸಲ ಕಾಯಬೇಕು. ಮೂರನೆಯ ಕಂತು ಬರುವ ಹೊತ್ತಿಗೆ ಮೊದಲನೆಯದು ತಣಿದಿರುತ್ತದೆ. ಈ ಲೆಕ್ಕವನ್ನು ಟಬ್ ಕೊಳ್ಳುವ ಮೊದಲೇ ಹಾಕಬೇಕಿತ್ತು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ಎಂಬುದನ್ನು ಇಲ್ಲಿ ಯಾರೂ ನೆನಪಿಸುವುದು ಬೇಡ. ಕೊನೆಗೆ ಅಡುಗೆಮನೆಯಲ್ಲಿ ಹಬ್ಬದ ಪಾತ್ರೆಗಳನ್ನೆಲ್ಲ ಗ್ಯಾಸಿನ ಮೇಲಿಟ್ಟು ಕಾಯಿಸಿ, ಹೊತ್ತು ತಂದು ಸುರಿದು, ಬೆವರಿ, ಆಮೇಲೆ ಒಳಗೆ ಇಳಿದೆ. ಎದೆ ಮುಳುಗಿಸಿದರೆ ಮೊಣಕಾಲುಗಳು ನೀರಿನಿಂದ ಮೇಲೆದ್ದು ಎರಡು ಗುಡ್ಡಗಳಂತೆ ನಿಂತವು. ಮೊಣಕಾಲು ಮುಳುಗಿಸಿದರೆ ಎದೆಗೆ ಚಳಿ. ಸೋಪು ಹಚ್ಚಿಕೊಂಡೆ. ನೊರೆ ಎಲ್ಲಿಗೆ ಹೋಗಬೇಕು? ನನ್ನ ಸುತ್ತಲೇ ಸುತ್ತಿ, ಸ್ವಲ್ಪ ಹೊತ್ತಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿ, ಗದ್ದದ ಹತ್ತಿರ ಬಂದು ನಿಂತಿತು. ಎದ್ದು ಟಬ್ಬಿನಿಂದ ಹೊರಗೆ ಬಂದು ಎರಡು ಬಕೆಟ್ ನೀರು ಹಿಡಿದು ಚೊಂಬಿನಲ್ಲಿ ಹೊಯ್ದುಕೊಂಡೆ. ಚೊಂಬಿನ ಸದ್ದು ಕೇಳಿ ಹೊರಗಿನಿಂದ ಹೆಂಡತಿ, "ಟಬ್ಬಿನಲ್ಲಿ ಕೂತವರಿಗೆ ಬಕೆಟ್ ಯಾಕೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ. ಆದರೆ ಅದು ಹೋಗಲೂ ಇಲ್ಲ.

ಎರೆಯುವ ನೀರು, ಮುಳುಗುವ ನೀರು

ಕನ್ನಡದಲ್ಲಿ ಸ್ನಾನಕ್ಕಿರುವ ಮಾತುಗಳನ್ನು ಗಮನಿಸುತ್ತಾ ಹೋದರೆ ಅವುಗಳಲ್ಲಿ ಬಹುಪಾಲು ಸುರಿಯುವುದರ ಸುತ್ತಲೇ ಇವೆ. ತಲೆಗೆ ಎರೆದುಕೊಂಡೆ, ನೀರು ಹೊಯ್ದುಕೊಂಡೆ, ನಾಲ್ಕು ಚೊಂಬು ಹಾಕಿಕೊಂಡು ಬಂದೆ. ಮೀಯುವುದು ಎಂಬ ಹಳೆಯ ಮಾತೊಂದೇ ಎರಡಕ್ಕೂ ಸಲ್ಲುತ್ತದೆ. ಹೊಳೆಯಲ್ಲೂ ಮೀಯಬಹುದು, ಬಚ್ಚಲಲ್ಲೂ ಮೀಯಬಹುದು. ಸ್ನಾನದಲ್ಲಿ ಸೋಮಾರಿತನ ಮಾಡಿದವನನ್ನು ಬೈಯುವಾಗಲೂ ನಮಗೆ ನೆನಪಾಗುವುದು ರೆಕ್ಕೆ ಒದರಿ ನಾಲ್ಕು ಹನಿ ಚಿಮ್ಮಿಸಿಕೊಳ್ಳುವ ಕಾಗೆ. ನೀರಿನಲ್ಲಿ ಕೂತಿರುವ ಪ್ರಾಣಿ ಎಂದರೆ ಎಮ್ಮೆ, ಮತ್ತು ಎಮ್ಮೆಯನ್ನು ಸ್ವಚ್ಛತೆಗೆ ಯಾರೂ ಉದಾಹರಣೆ ಕೊಡುವುದಿಲ್ಲ.

ಮುಳುಗುವುದು ನಮಗೆ ಗೊತ್ತಿಲ್ಲ ಎಂದಲ್ಲ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಬೆಳಗಿನ ಜಾವದ ಚಳಿಗೆ ಹಲ್ಲು ಕಟಕಟಿಸುತ್ತಾ ಜನ ಮುಳುಗು ಹಾಕುತ್ತಾರೆ. ಪರಶುರಾಮನ ಕೊಡಲಿಯ ರಕ್ತ ತೊಳೆದುಹೋದದ್ದು ಅಲ್ಲಿ ಎಂಬ ನಂಬಿಕೆ. ತುಂಗೆ-ಭದ್ರೆ ಸೇರುವ ಕೂಡಲಿಯಲ್ಲೂ ಹಾಗೆಯೇ. ಆದರೆ ಅಲ್ಲಿ ಮುಳುಗುವುದು ಪುಣ್ಯಕ್ಕೆ. ಕೊಳೆಗೆ ಬೇರೆಯದೇ ಸ್ನಾನ, ಅದು ಮನೆಯಲ್ಲಿ ಮೊದಲೋ ಆಮೇಲೋ ಆಗಿರುತ್ತದೆ. ಅಲ್ಲದೆ ಅದು ಹರಿಯುವ ನೀರು. ಮೂರು ಮುಳುಗಿಗೆ ಮೂರು ಬೇರೆ ಬೇರೆ ಹೊಳೆಗಳು ನಮ್ಮ ಮೇಲೆ ಹಾದುಹೋಗಿರುತ್ತವೆ. ನಿಂತ ನೀರಿನ ಮೇಲೆ ನಮ್ಮವರಿಗೆ ಹಿಂದಿನಿಂದಲೂ ಒಂದು ಗುಮಾನಿ. ನನ್ನ ಅಮ್ಮನಿದ್ದಿದ್ದರೆ ಈ ಟಬ್ಬಿನ ಬಗ್ಗೆ ಏನು ಹೇಳುತ್ತಿದ್ದಳು ಎಂದು ಊಹಿಸುವುದು ಕಷ್ಟವಿಲ್ಲ: ತನ್ನ ಕೊಳೆಯಲ್ಲಿ ತಾನೇ ಕೂತು ಏಳುವುದಕ್ಕೆ ಇಷ್ಟು ದುಡ್ಡೇ?

(ಇನ್ನೊಂದು ಸಂಕಟ. 'ಗಂಗಾ ಸ್ನಾನ, ತುಂಗಾ ಪಾನ' ಎಂಬ ಮಾತನ್ನು ಶಿವಮೊಗ್ಗದವರು ಮೊದಲ ತೊದಲು ನುಡಿಯಂತೆ ಕಲಿತಿರುತ್ತೇವೆ. ನಮ್ಮ ನಲ್ಲಿಗಳಿಗೆ ಬರುವುದು ಆ ತುಂಗೆಯೇ. ಕುಡಿಯಲೆಂದು ಹೆಸರಾದ ನೀರನ್ನು ನೂರೈವತ್ತು ಲೀಟರ್ ತುಂಬಿಸಿ, ಅದರಲ್ಲಿ ಇಪ್ಪತ್ತು ನಿಮಿಷ ಕೂತು, ಗುಂಡಿಯ ಬೂಚು ಎಳೆದು ಮೋರಿಗೆ ಬಿಡುವಾಗ ಬರುವ ಆ ಗೊರಗೊರ ಸದ್ದು ನನಗೆ ಯಾರೋ ಹಿರಿಯರು ಗಂಟಲು ಸರಿಪಡಿಸಿಕೊಂಡಂತೆ ಕೇಳುತ್ತದೆ.)

ಎರೆಯುವುದರಲ್ಲಿ ಇನ್ನೊಂದು ಸಂಗತಿ ಇದೆ. ಮೀಯುವ ಕೆಲಸ ಒಬ್ಬನಿಂದಾಗುತ್ತದೆ. ಎರೆಯುವುದಕ್ಕೆ ಕೈ ಬೇಕು, ಮತ್ತು ಬಹಳ ಸಲ ಅದು ಇನ್ನೊಬ್ಬರ ಕೈ. ಹುಟ್ಟಿದ ಮಗುವಿಗೆ ನೀರು ಹಾಕಲು ಎಲ್ಲರಿಗೂ ಬರುವುದಿಲ್ಲ. ನಮ್ಮ ಕಡೆ ಆ ಕೆಲಸಕ್ಕೆ ಊರಿಗೊಬ್ಬರೋ ಇಬ್ಬರೋ ಪಳಗಿದ ಹೆಂಗಸರು ಇರುತ್ತಿದ್ದರು. ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ನೀಡಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಎಣ್ಣೆ ತಿಕ್ಕಿ, ಆಮೇಲೆ ಬೋರಲು ಹಾಕಿ, ಮುಖಕ್ಕೆ ನೀರು ಬೀಳದಂತೆ ಹಣೆಯ ಮೇಲೆ ಎಡಗೈ ಅಡ್ಡ ಹಿಡಿದು ಎರೆಯುತ್ತಿದ್ದರು. ಬಾಣಂತಿಗಾದರೆ ಬೇರೆಯೇ ಗತ್ತು. ಮೈ ಸುಟ್ಟುಹೋಗುತ್ತದೇನೋ ಎನ್ನುವ ಬಿಸಿನೀರನ್ನು ಸೊಂಟಕ್ಕೆ, ಬೆನ್ನಿಗೆ ರಪರಪನೆ ಬೀಸಿ ಹೊಡೆಯುತ್ತಿದ್ದರು. ಮುಗಿದ ಮೇಲೆ ಕಂಬಳಿ ಹೊದೆಸಿ ಬೆವರಲು ಮಲಗಿಸುತ್ತಿದ್ದರು. ನನ್ನ ಹೆಂಡತಿ ಇವತ್ತಿಗೂ, ತನ್ನ ಜೀವಮಾನದಲ್ಲಿ ಚೆನ್ನಾಗಿ ನಿದ್ದೆ ಬಂದದ್ದು ಆ ನಲವತ್ತು ದಿನ ಮಾತ್ರ ಎನ್ನುತ್ತಾಳೆ. ಅದರ ನಂತರದ ನಿದ್ದೆಗಳಿಗೆ ನಾನೇ ಹೊಣೆ ಎಂಬ ಧ್ವನಿಯೂ ಅದರಲ್ಲಿರುತ್ತದೆ.

ಎಂಟು ಕೊಡದ ಹಂಡೆ

ಹೊಸನಗರ ತಾಲೂಕಿನ ನಮ್ಮ ಹಳೆಯ ಮನೆಯಲ್ಲಿ ಬಚ್ಚಲುಮನೆ ಇದ್ದದ್ದು ಹಿತ್ತಲ ಕಡೆ, ಕೊಟ್ಟಿಗೆಗೆ ಒಂದು ಗೋಡೆ ಆಚೆ. ನೆಲಕ್ಕೆ ಕಲ್ಲು ಚಪ್ಪಡಿ, ಮೂಲೆಯಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಕುತ್ತಿಗೆಯವರೆಗೂ ಮಣ್ಣಿನಲ್ಲಿ ಹುಗಿದು ಕೂರಿಸಿದ ತಾಮ್ರದ ಹಂಡೆ. ಬೆಳಕು ಬರಲು ಹೆಂಚಿನ ನಡುವೆ ಒಂದು ಗಾಜಿನ ಹೆಂಚು. ಅದು ಹೊಗೆ ಹಿಡಿದು ಹಿಡಿದು ಒಳಗೆ ಬರುವ ಬಿಸಿಲೂ ಬೆಲ್ಲದ ಬಣ್ಣದ್ದಾಗಿತ್ತು. ಹಂಡೆಗೆ ಎಂಟು ಕೊಡ ನೀರು ಹಿಡಿಯುತ್ತಿತ್ತು. ಉರಿಗೆ ಅಡಿಕೆ ಸಿಪ್ಪೆ, ಹಾಳೆ, ತೆಂಗಿನ ಗರಿ, ಕೊನೆಗೊಂದು ದಪ್ಪ ಕುಂಟೆ. ಅಡಿಕೆ ಸಿಪ್ಪೆಯ ಗುಣವೇ ಹಾಗೆ, ಭಗ್ಗನೆ ಉರಿಯುವುದಿಲ್ಲ, ಆರುವುದೂ ಇಲ್ಲ. ಮುನಿಸಿಕೊಂಡ ಮುದುಕರ ಹಾಗೆ ಒಳಗೊಳಗೇ ಕನಲುತ್ತಾ ಇರುತ್ತದೆ. ಅಡುಗೆ ಒಲೆಗೆ ಆ ಗುಣ ಹೇಳಿಸಿದ್ದಲ್ಲ, ಬಚ್ಚಲೊಲೆಗೆ ಮಾತ್ರ ಹೇಳಿ ಮಾಡಿಸಿದಂತಿತ್ತು. ರಾತ್ರಿ ಮಲಗುವ ಮೊದಲು ಒಂದು ಬುಟ್ಟಿ ಸಿಪ್ಪೆ ಒಟ್ಟಿದರೆ ಬೆಳಗಿನ ಜಾವದವರೆಗೂ ನೀರು ಬೆಚ್ಚಗೆ. ಹಂಡೆಯ ತಾಮ್ರ ಬೆಂಕಿಯ ಕಾವನ್ನು ಬೇಗ ಹಿಡಿದು ನೀರಿಗೆ ದಾಟಿಸುತ್ತದೆ, ಸುತ್ತಲಿನ ಮಣ್ಣು ಅದನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಈ ಎರಡೂ ಪಾಠಗಳನ್ನು ನಾನು ತರಗತಿಯಲ್ಲಿ ಬೀಕರು, ಥರ್ಮಾಮೀಟರು ಇಟ್ಟು ಮಾಡುತ್ತಿದ್ದೆ. ಹಂಡೆಯ ಹೆಸರು ಒಂದು ದಿನವೂ ಎತ್ತಲಿಲ್ಲ. ಮಾಸ್ತರಿಕೆಯ ಪೆದ್ದುತನ.

ಮಳೆಗಾಲದಲ್ಲಿ ಬಚ್ಚಲುಮನೆಯೇ ಮನೆಯ ಎದೆ. ಆಗುಂಬೆ, ಹುಲಿಕಲ್ ಸೀಮೆಯ ಮಳೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳು ಬಟ್ಟೆ ಒಣಗುತ್ತಿದ್ದದ್ದು ಹಂಡೆಯ ಮೇಲಿನ ಬಿದಿರ ಗಳದಲ್ಲಿ. ಹಾಗಾಗಿ ಮಲೆನಾಡಿನ ಮಕ್ಕಳ ಯೂನಿಫಾರ್ಮಿಗೆಲ್ಲ ಒಂದೇ ವಾಸನೆ. ತರಗತಿಗೆ ಕಾಲಿಟ್ಟರೆ ಮೂವತ್ತು ಬಚ್ಚಲೊಲೆಗಳು ಒಟ್ಟಿಗೆ ಹೊಗೆಯಾಡುತ್ತಿರುವಂತಿರುತ್ತಿತ್ತು. ಕೆಂಡದಲ್ಲಿ ಹಲಸಿನ ಬೀಜ ಸುಡುವುದು ನಮ್ಮ ಕಸುಬು. ಸಿಡಿಯದಿರಲಿ ಎಂದು ತುದಿ ಚಿವುಟಿ ಹಾಕಬೇಕು. ಮರೆತರೆ ಒಲೆಯೊಳಗೆ ಒಂದು ಪಟಾಕಿ, ಮಿಂದು ಬರುತ್ತಿದ್ದವರ ಮೈಮೇಲೆ ಬೂದಿ.

ಆ ಬಚ್ಚಲಿಗೊಂದು ಕಾನೂನಿತ್ತು: ತೆಗೆದಷ್ಟು ತುಂಬು. ಹಂಡೆಯಿಂದ ಎರಡು ತಂಬಿಗೆ ಬಿಸಿನೀರು ತೆಗೆದವನು ಪಕ್ಕದ ತೊಟ್ಟಿಯಿಂದ ಎರಡು ತಂಬಿಗೆ ತಣ್ಣೀರು ಹಂಡೆಗೆ ಹಾಕಿಯೇ ಬರಬೇಕು. ಹಾಗಾಗಿ ನನಗೆ ಸಿಗುತ್ತಿದ್ದ ನೀರಿನ ಬಿಸಿ ನನಗಿಂತ ಮೊದಲು ಮಿಂದವನ ಗುಣದ ಮೇಲೆ ನಿಂತಿತ್ತು. ನನ್ನ ಚಿಕ್ಕಪ್ಪನೊಬ್ಬ ತುಂಬದೆ ಬರುತ್ತಿದ್ದ. ಅವನ ನಂತರ ಹೋದವರಿಗೆ ಹಂಡೆಯ ತಳದಲ್ಲಿ ಕುದಿಯುವ ಸ್ವಲ್ಪ ನೀರು, ಸುಡುವ ತಾಮ್ರ. ಇನ್ನೊಬ್ಬ ಚಿಕ್ಕಪ್ಪ ಕಾನೂನು ಪಾಲಿಸುವ ಭರದಲ್ಲಿ ಎರಡು ತೆಗೆದು ನಾಲ್ಕು ತುಂಬುತ್ತಿದ್ದ. ಅವನ ನಂತರದವರಿಗೆ ಉಗುರು ಬೆಚ್ಚಗೂ ಇರುತ್ತಿರಲಿಲ್ಲ. ಮನೆ ಪಾಲಾಗುವ ಹೊತ್ತಿಗೆ ಈ ಇಬ್ಬರೂ ಹೇಗೆ ನಡೆದುಕೊಂಡರು ಎಂಬುದನ್ನು ಬರೆಯಲಾರೆ, ಇಬ್ಬರ ಮಕ್ಕಳೂ ಈ ಬ್ಲಾಗ್ ಓದುತ್ತಾರೆ. ಹಂಡೆ ಮೊದಲೇ ಎಲ್ಲವನ್ನೂ ಹೇಳಿತ್ತು ಎಂದಷ್ಟೇ ಹೇಳುತ್ತೇನೆ.

ಒಲೆಗೆ ಉರಿ ಹಾಕುತ್ತಿದ್ದವಳು ದೊಡ್ಡತ್ತೆ. ಅಪ್ಪಯ್ಯನ ಅಕ್ಕ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆಯ ಬೂದಿ ಬಾಚಿ, ಕೆಂಡ ಕೆದಕಿ, ಊದುಕೊಳವೆಯಿಂದ ಊದಿ, ಸಿಪ್ಪೆ ಹಾಕಿ ಉರಿ ಎಬ್ಬಿಸುವುದು ಅವಳ ದಿನದ ಮೊದಲ ಕೆಲಸ. ಮೊದಲು ಅಜ್ಜ, ಆಮೇಲೆ ಗಂಡಸರು, ಶಾಲೆಗೆ ಹೋಗುವ ನಾವು, ಸೊಸೆಯಂದಿರು, ಹೀಗೆ ಹದಿನೈದು ಜನರ ಸ್ನಾನ ಆ ಹಂಡೆಯಲ್ಲಿ ನಡೆಯುತ್ತಿತ್ತು. ದೊಡ್ಡತ್ತೆ ಮಾತ್ರ ಆ ನೀರಿನಲ್ಲಿ ಮೀಯುತ್ತಿರಲಿಲ್ಲ. ಅವಳಿಗೆ ಮಡಿ. ನಾವೆಲ್ಲ ಏಳುವ ಮೊದಲೇ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ತಣ್ಣೀರು ಸೇದಿ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು ಒಲೆಯ ಮುಂದೆ ಕೂರುತ್ತಿದ್ದಳು. ಉರಿಯ ಮುಂದೆ ಅವಳ ಸೀರೆಯಿಂದ ಏಳುತ್ತಿದ್ದ ಹಬೆ ನನಗೆ ಚೆನ್ನಾಗಿ ನೆನಪಿದೆ. ಅದು ಆಗ ವಿಚಿತ್ರವೆನಿಸಿರಲಿಲ್ಲ. ದೊಡ್ಡತ್ತೆ ಇರುವುದೇ ಹಾಗೆ, ಒಲೆ ಇರುವುದೇ ಹಾಗೆ. ಕೊನೆಯ ವರ್ಷಗಳಲ್ಲಿ ಅವಳ ಕೆಮ್ಮು ಮನೆಯ ಗೋಡೆಗಳಿಗೆಲ್ಲ ಅಂಟಿಕೊಂಡಂತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆಂದು ರೂಪಿಸಿದ 'ಅಸ್ತ್ರ' ಒಲೆ ಹೊಗೆ ಕಡಿಮೆ ಮಾಡುತ್ತದೆ ಎಂಬ ಸುದ್ದಿ ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಬಂದಿತ್ತು. ನಮ್ಮ ಮನೆಗೆ ಅದು ಬಂದಾಗ ಮೊದಲು ಕೂತದ್ದು ಅಡುಗೆಮನೆಯಲ್ಲಿ. ಬಚ್ಚಲೊಲೆಯ ಸರದಿ ಬರುವ ಹೊತ್ತಿಗೆ ದೊಡ್ಡತ್ತೆ ಇರಲಿಲ್ಲ.

ಹಂಡೆ, ಸೀಗೆಪುಡಿ, ತಲೆಗೆ ಹಚ್ಚುವ ಮತ್ತಿಸೊಪ್ಪಿನ ಗೊಂಪು ಎಂದು ಕಣ್ಣು ಮುಚ್ಚಿ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ಇನ್ನೊಂದನ್ನೂ ಬಿಡುತ್ತಾರೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು, ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವವರು, ಚೊಗರಿನಿಂದ ಕಪ್ಪಾದ ಕೈಗಳನ್ನು ತಿಕ್ಕಿ ತೊಳೆಯಲು ಬಿಸಿನೀರು ಕೇಳುತ್ತಿದ್ದರು. ಕೊಡುತ್ತಿರಲಿಲ್ಲ ಎಂದಲ್ಲ, ಕೊಡುತ್ತಿದ್ದರು. ಬಚ್ಚಲಿನ ಹಿಂಬಾಗಿಲಲ್ಲಿ ನಿಂತು ಮೇಲಿನಿಂದ ಅವರ ಪಾತ್ರೆಗೆ ಹೊಯ್ಯುತ್ತಿದ್ದರು. ಮೀಯಬೇಕೆನಿಸಿದರೆ ತೋಟದ ಕೆಳಗೆ ಹಳ್ಳವಿತ್ತು, ಡಿಸೆಂಬರಿನ ಚಳಿಯಲ್ಲೂ. ಹಂಡೆಯ ನೀರು ಹೊರಗೆ ಹೋಗುತ್ತಿತ್ತು. ಹೊರಗಿನವರು ಹಂಡೆಯ ಹತ್ತಿರ ಬರುತ್ತಿರಲಿಲ್ಲ. ಎರೆಯುವ ಕೈಯ ಬಗ್ಗೆ ಮೇಲೆ ಅಷ್ಟು ಹೊಗಳಿದೆನಲ್ಲ, ಆ ಕೈ ಎಷ್ಟು ಎತ್ತರದಲ್ಲಿ ನಿಲ್ಲುತ್ತಿತ್ತು ಎಂಬುದನ್ನೂ ಹೇಳಬೇಕು.

ನನ್ನ ಮೊದಲ ಟಬ್

ಅಪ್ಪಯ್ಯ ಬಾನಿ ಎಂದದ್ದು ಸುಮ್ಮನೆ ಅಲ್ಲ. ಊರಿನ ಮನೆಯಲ್ಲಿ ಕೊಟ್ಟಿಗೆಯ ಪಕ್ಕ ಒಂದು ಕಲ್ಲಿನ ಬಾನಿ ಇತ್ತು, ಒಂದೇ ಕಲ್ಲಿನಲ್ಲಿ ಕಡೆದದ್ದು. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರು ಹಗಲೂ ರಾತ್ರಿ ಅದಕ್ಕೆ ಬೀಳುತ್ತಿತ್ತು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ಕೆತ್ತಿ ತೆಗೆದು, ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸುತ್ತಾ ಕವೆಗೋಲುಗಳ ಮೇಲೆ ಗುಡ್ಡದಿಂದ ಅಂಗಳದವರೆಗೆ ತರುವ ಆ ಸಾಲಿಗೆ ಪಂಪೂ ಬೇಡ, ಕರೆಂಟೂ ಬೇಡ. ಈಗ ಅಲ್ಲೆಲ್ಲ ಕಪ್ಪು ಪೈಪು ಬಂದಿದೆ. ಪೈಪಿನಲ್ಲಿ ನೀರು ಬರುವುದು ಕಾಣುವುದಿಲ್ಲ. ದಬ್ಬೆಯಲ್ಲಾದರೆ ನೀರಿನ ಜೊತೆಗೆ ಎಲೆ, ಏಡಿಮರಿ, ಒಮ್ಮೊಮ್ಮೆ ಕಪ್ಪೆಯೂ ಬರುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ಒಂದು ಏಪ್ರಿಲ್ ಮಧ್ಯಾಹ್ನ, ಮನೆಯವರೆಲ್ಲ ಉಂಡು ಮಲಗಿದ್ದಾಗ, ನಾನು ಆ ಬಾನಿಯೊಳಗೆ ಇಳಿದೆ. ನನ್ನ ಅಳತೆಗೆ ಮಾಡಿಸಿದ ಹಾಗಿತ್ತು. ಕಾಲು ನೀಡಿ ಮಲಗಿದರೆ ನೀರು ಗದ್ದದವರೆಗೆ. ಕಿವಿ ಮುಳುಗಿಸಿದರೆ ಲೋಕದ ಸದ್ದೆಲ್ಲ ನಿಂತು ದಬ್ಬೆಯಿಂದ ಬೀಳುವ ನೀರಿನ ಗುಡುಗುಡು ಒಂದೇ ಕಲ್ಲಿನ ಮೂಲಕ ತಲೆಗೆ ಬರುತ್ತಿತ್ತು. ಮೇಲೆ ಹಲಸಿನ ಮರ. ಎಷ್ಟು ಹೊತ್ತು ಹಾಗೆ ಇದ್ದೆನೋ. ಕಣ್ಣು ತೆರೆದಾಗ ಹಲಸಿನ ಮರದ ಜಾಗದಲ್ಲಿ ಅಪ್ಪಯ್ಯನ ಮುಖವಿತ್ತು. ಹೊಡೆಯಲಿಲ್ಲ. "ಏಳು" ಎಂದರು. ತೆಂಗಿನ ನಾರು ಕೊಟ್ಟು, ಬಾನಿಯ ನೀರನ್ನೆಲ್ಲ ಹೊರಗೆ ಚೆಲ್ಲಿಸಿ, ಒಳಗನ್ನು ತಿಕ್ಕಿಸಿ, "ಇನ್ನು ತುಂಬುವವರೆಗೆ ಇಲ್ಲೇ ಕೂತಿರು" ಎಂದು ಹೋದರು. ಏಪ್ರಿಲ್ ತಿಂಗಳ ಅಬ್ಬಿ ಎಂದರೆ ಕಿರುಬೆರಳಿನ ಗಾತ್ರದ ಧಾರೆ. ಸಂಜೆ ಗುಡ್ಡದಿಂದ ದನಗಳು ಇಳಿದು ಬಂದಾಗ ಬಾನಿ ಅರ್ಧವೂ ಆಗಿರಲಿಲ್ಲ. ನಮ್ಮ ಎಮ್ಮೆ ಬಂದು ಬಾನಿಯೊಳಗೆ ಮೂತಿ ಇಳಿಸಿ, ಎಂದಿನ ಎತ್ತರದಲ್ಲಿ ನೀರು ಸಿಗದೆ, ತಲೆಯೆತ್ತಿ ನನ್ನ ಮುಖ ನೋಡಿತು. ಮತ್ತೆ ಇಳಿಸಿತು, ಮತ್ತೆ ನೋಡಿತು. ಅದರ ಹಿಂದೆ ಏಳು ದನಗಳು ಸಾಲಾಗಿ ಕಾಯುತ್ತಿದ್ದವು.

ಲಗೇಜ್ ಆಟೋದಿಂದ ಟಬ್ ಇಳಿಸುವ ದಿನ ಅಪ್ಪಯ್ಯ ಆ ಸಂಜೆಯನ್ನು ನೆನಪಿಟ್ಟುಕೊಂಡೇ ಹೇಳಿದರೋ, ತಮಾಷೆಗೆ ಬಾಯಿಗೆ ಬಂದದ್ದೋ, ಕೇಳುವ ಧೈರ್ಯ ನನಗಾಗಿಲ್ಲ.

ಅಂತೂ ನೀರಿನಲ್ಲಿ ಮಲಗುವ ಸುಖ ನಮ್ಮ ನೆಲಕ್ಕೆ ಹೊರಗಿನದಲ್ಲ. ಅರಸರಿಗಂತೂ ಅದು ಗೊತ್ತಿತ್ತು. ನಗರ ಎಂಬ ಊರಿನ (ಹಿಂದಿನ ಬಿದನೂರು) ಹತ್ತಿರದ ದೇವಗಂಗೆಯ ಕೊಳಗಳನ್ನು ನೋಡಿದ್ದೀರಲ್ಲ. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದುಕೊಳ್ಳುವ ಮೊದಲು, ಕೆಳದಿಯ ಅರಸರ ಕಾಲದಲ್ಲಿ ಕಟ್ಟಿದವು. ಗುಡ್ಡದ ನೀರು ಕಲ್ಲಿನ ಕಾಲುವೆಯಲ್ಲಿ ಬಂದು, ಒಂದು ಕೊಳ ತುಂಬಿ ಇನ್ನೊಂದಕ್ಕೆ ಹೋಗುತ್ತದೆ. ಅಲ್ಲಿ ಕಾಲು ಇಳಿಬಿಟ್ಟು ಕೂತಾಗ ನನಗೆ ಹೊಳೆದದ್ದು, ಅರಸನೂ ನಿಂತ ನೀರಿನಲ್ಲಿ ಕೂರಲಿಲ್ಲ. ಅವನ ಟಬ್ಬಿಗೂ ಒಳಬಾಯಿ ಇದೆ, ಹೊರಬಾಯಿ ಇದೆ. ಜಪಾನಿನವರು ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕೂರುತ್ತಾರೆ, ನಿಜ. ಆದರೆ ಅವರೂ ಮೊದಲು ಹೊರಗೆ ಪುಟ್ಟ ಮಣೆಯ ಮೇಲೆ ಕೂತು ಮೈ ತೊಳೆದು, ನೊರೆಯೆಲ್ಲ ಹೋಗುವಂತೆ ನೀರು ಹೊಯ್ದುಕೊಂಡ ಮೇಲೆ ಒಳಗೆ ಇಳಿಯುವವರು. ಒಂದೇ ತೊಟ್ಟಿಯ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂರಬೇಕಲ್ಲ, ಅದಕ್ಕೆ. ಮುಗಿದ ಮೇಲೆ ಮುಂದಿನವರಿಗೆ ಬಿಸಿ ಉಳಿಯಲೆಂದು ಮುಚ್ಚಳ ಮುಚ್ಚುತ್ತಾರೆ. ಓದಿದಾಗ ನಮ್ಮ ಹಂಡೆಯ ಮುಚ್ಚಳ ನೆನಪಾಯಿತು. ಸೋಪಿನ ಜೊತೆಗೇ ಟಬ್ಬಿನೊಳಗೆ ಇಳಿದ ನನ್ನನ್ನು ಅವರು ಕಂಡಿದ್ದರೆ ಅಮ್ಮನಷ್ಟೇ ಮುಖ ಸಿಂಡರಿಸುತ್ತಿದ್ದರು.

ಈಗಿನ ಬಚ್ಚಲು

ಊರಿನ ಮನೆಯಲ್ಲಿ ಈಗ ತಮ್ಮನಿದ್ದಾನೆ. ಹಂಡೆ ಇನ್ನೂ ಇದೆ, ದೀಪಾವಳಿಗೆ ಮಾತ್ರ. ನೀರು ತುಂಬುವ ಹಬ್ಬದ ದಿನ ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಬಳಿದು, ಜೇಡಿಯಲ್ಲಿ ಚಿತ್ತಾರ ಎಳೆದು, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಜಾಗಟೆ ಹೊಡೆಯುತ್ತಾ ಬಾವಿಯಿಂದ ನೀರು ತಂದು ತುಂಬುತ್ತೇವೆ. ಮರುದಿನ ಎಣ್ಣೆಸ್ನಾನ ಮುಗಿದರೆ ಹಂಡೆಗೆ ಮತ್ತೆ ಒಂದು ವರ್ಷ ರಜೆ. ಉಳಿದ ದಿನಕ್ಕೆ ಸೋಲಾರ್, ಅದು ಮಳೆಗಾಲದಲ್ಲಿ ಮಾಡಿನ ಮೇಲೆ ಅಲಂಕಾರಕ್ಕೆ ಇರುತ್ತದೆ. ಆ ನಾಲ್ಕು ತಿಂಗಳಿಗೆ ಗ್ಯಾಸ್ ಗೀಸರ್. ಅದನ್ನು ಬಚ್ಚಲಿನ ಒಳಗೇ ಕೂರಿಸಿ, ಚಳಿಗಾಳಿ ಬರುತ್ತದೆಂದು ಕಿಂಡಿಗೆ ಪ್ಲಾಸ್ಟಿಕ್ ಹೊಡೆದಿದ್ದ. ನಾನು ಹೋದವನೇ ಕಿತ್ತೆ, ಗೀಸರನ್ನು ಹೊರಗೋಡೆಗೆ ಹಾಕಿಸಿದೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದು ಆಮ್ಲಜನಕ ಸಾಲದಾದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಿಂದವನು ತಲೆ ಸುತ್ತುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಬಿದ್ದಿರುತ್ತಾನೆ. ದೊಡ್ಡತ್ತೆಯ ಒಲೆಯ ಹೊಗೆ ಅವಳನ್ನು ಮೂವತ್ತು ವರ್ಷ ಕೆಮ್ಮಿಸಿತು, ಆದರೆ ಕಣ್ಣು ಉರಿಸಿ, ಮೂಗು ಕಟ್ಟಿಸಿ, ಹೇಳಿಯೇ ಬರುತ್ತಿತ್ತು. ಓದುವವರಲ್ಲಿ ಯಾರಾದರೂ ಕಿಂಡಿ ಮುಚ್ಚಿದ್ದರೆ ಇವತ್ತೇ ತೆಗೆಯಿರಿ. ಈ ಬರಹವನ್ನು ಆಮೇಲೆ ಮುಗಿಸಬಹುದು.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪಯ್ಯ ತೋಟದ ಕಾದಿಗೆಯನ್ನು, ಅಂದರೆ ಬಸಿಗಾಲುವೆಯನ್ನು, ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತಾರು ವರ್ಷ. ಆಪರೇಷನ್ ಆಯಿತು, ಅಂದಿನಿಂದ ನಮ್ಮ ಜೊತೆಗಿದ್ದಾರೆ. ಮಣೆಯ ಮೇಲೆ ಕೂರಲಾಗುವುದಿಲ್ಲ, ನಿಂತು ಮೀಯುವಷ್ಟು ಕಾಲಿಗೆ ಬಲವಿಲ್ಲ. ಟಬ್ಬಿನ ಅಂಚು ದಾಟಿಸುವ ಮಾತಂತೂ ದೂರ. ಎಂಬತ್ತಾರರ ಮೂಳೆಗೆ ಅದು ಬೇಲಿ. ಹಾಗಾಗಿ ಟಬ್ಬಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವರನ್ನು ಕೂರಿಸುತ್ತೇನೆ. ಮೊದಲು ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿದೆ. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ, "ಇದು ಜಿರಿಮಳೆ. ನೆನೆದ ಹಾಗಾಗುತ್ತದೆ, ಮಿಂದ ಹಾಗಾಗುವುದಿಲ್ಲ. ಚೊಂಬು ತೆಗೆದುಕೋ" ಎಂದರು.

ಈಗ ದಿನವೂ ಬೆಳಿಗ್ಗೆ ಒಂಬತ್ತಕ್ಕೆ ನಾನು ಟಬ್ಬಿನ ಅಂಚಿನ ಮೇಲೆ ಕೂರುತ್ತೇನೆ. ಕೂರಲು ಸರಿಯಾದ ಎತ್ತರ, ಸರಿಯಾದ ಅಗಲ. ಬಿಸಿನೀರಿನ ಬಕೆಟ್ಟು ಟಬ್ಬಿನೊಳಗೆ ಇರುತ್ತದೆ, ಎಡಗಡೆ. ಅಪ್ಪಯ್ಯ ಬಲಗಡೆ, ಬೆನ್ನು ನನ್ನ ಕಡೆಗೆ. ಒಂದು ಕಾಲದಲ್ಲಿ ಎರಡು ಕೊನೆ ಅಡಿಕೆಯನ್ನು ಒಟ್ಟಿಗೆ ಹೊರುತ್ತಿದ್ದ ಬೆನ್ನು. ಈಗ ಬೆನ್ನುಮೂಳೆಯ ಗಂಟುಗಳನ್ನು ಮೇಲಿನಿಂದ ಎಣಿಸಬಹುದು. ಎಡ ಹೆಗಲಿನಲ್ಲಿ ಹೊರೆಯ ಹಗ್ಗ ಕೂತ ಜಾಗ ಇನ್ನೂ ಸ್ವಲ್ಪ ತಗ್ಗಾಗಿದೆ, ಮೊದಲು ಹೊಯ್ದ ನೀರು ಅಲ್ಲೊಂದು ಕ್ಷಣ ನಿಂತು ಆಮೇಲೆ ಇಳಿಯುತ್ತದೆ. ಅವರು ಮಾತಾಡುವುದು ಕಡಿಮೆ. ಬೆನ್ನಿಗೆ. ಇನ್ನೂ ಕೆಳಗೆ. ಬಿಸಿ ಸಾಲದು. ಸ್ವಲ್ಪ ಎತ್ತರದಿಂದ ಹಾಕು, ತೂರಿದ ಹಾಗೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಈಗ ಚೊಂಬು ಹಿಡಿಯುವುದನ್ನು ಕಲಿಯುತ್ತಿದ್ದೇನೆ.

ಮೊನ್ನೆ ಅರ್ಧ ಬಕೆಟ್ ಮುಗಿದಿತ್ತು. ಅವರಿಗೆ ಚಳಿಯಾದೀತು ಎಂದು ಚೊಂಬು ಕೆಳಗಿಟ್ಟು ಟವೆಲಿಗೆ ಕೈ ಚಾಚಿದೆ. ಅಪ್ಪಯ್ಯ ತಿರುಗಿ ನೋಡಲಿಲ್ಲ. ಗೋಡೆಯ ಟೈಲ್ಸಿಗೇ ಹೇಳುವವರಂತೆ, "ಅಕ್ಕಯ್ಯ ಇಷ್ಟು ಬೇಗ ನಿಲ್ಲಿಸುತ್ತಿರಲಿಲ್ಲ" ಎಂದರು.

ಟವೆಲನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಗೀಸರಿನ ನಲ್ಲಿ ತಿರುಗಿಸಿದೆ.